ಮಣ್ಣು ಹತ್ತದ ಸರಪಳಿ

'ಕೈ ಕೆಸರಾದರೆ ಬಾಯಿ ಮೊಸರು' ಎಂಬ ಗಾದೆಯನ್ನು ನಾವೆಲ್ಲರೂ ಐದನೆಯ ಇಯತ್ತೆಯಿಂದ ನಿಬಂಧದ ವಹಿಯಲ್ಲಿ ವಿಸ್ತರಿಸಿ ಬರೆಯುತ್ತ ಬಂದಿದ್ದೇವೆ. ಅದಕ್ಕೆ ಅಂಕಗಳನ್ನೂ ಪಡೆದಿದ್ದೇವೆ. ಆದರೆ ಕೆಸರಿನ ಬಣ್ಣ ಯಾವುದು ಎಂದು ಯಾರಾದರೂ ಕೇಳಿದ್ದರೆ, ಹೋದ ವರ್ಷದವರೆಗೆ ನಮ್ಮಲ್ಲಿ ಒಬ್ಬರಿಗೂ ಸರಿಯಾದ ಉತ್ತರ ಹೇಳಲು ಬರುತ್ತಿರಲಿಲ್ಲ. 'ಕಂದು' ಎಂದು ಹೇಳಿ ಸುಮ್ಮನಾಗುತ್ತಿದ್ದೆವು. ಮಣ್ಣಿನ ನಾಡಿನಲ್ಲಿ ಹುಟ್ಟಿ, ಮಣ್ಣಿನಲ್ಲಿಯೇ ನಡೆದು ಶಾಲೆಗೆ ಬರುವ ನಾವು ಮಣ್ಣನ್ನು ನೋಡಿಯೇ ಇರಲಿಲ್ಲವೆಂಬುದು ನಮಗೆ ತಿಳಿದದ್ದು ಒಂದು ಆಟಿಕೆಯಂಥ ಟ್ಯಾಂಕಿನಿಂದ. ಆ ಕಥೆಯನ್ನೂ ಅದರಿಂದ ನಮಗೆ ಮೂಡಿದ ಅಭಿಪ್ರಾಯವನ್ನೂ ಸಹಪಾಠಿಗಳ ಮತ್ತು ಪಾಲಕರ ಮುಂದೆ ಇಡಬೇಕೆಂದು ಹವ್ಯಾಸ ಮಂಡಳಿಯ ಒಂಬತ್ತು ಮತ್ತು ಹತ್ತನೆಯ ಇಯತ್ತೆಯ ನಾವು ಏಳು ಜನ ಕೂಡಿ ಈ ಲೇಖನ ಬರೆಯುತ್ತಿದ್ದೇವೆ.

ಹೋದ ವರ್ಷದ ಡಿಸೆಂಬರದಲ್ಲಿ ಜರುಗಿದ ಶಾಲಾ ಪ್ರದರ್ಶನದಲ್ಲಿ ನಮ್ಮ ಮಂಡಳಿಯ ಮೇಜಿನ ಮೇಲೆ ಒಂದೇ ಒಂದು ವಸ್ತುವಿತ್ತು. ಅದು ಟಿ-34 ಎಂಬ ಸೋವಿಯೆತ್ ಟ್ಯಾಂಕಿನ ಪ್ಲಾಸ್ಟಿಕ್ ಪ್ರತಿಕೃತಿ. ಪುಣೆಯಲ್ಲಿ ನೌಕರಿಯಲ್ಲಿರುವ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬರು ಅದರ ಬಿಡಿಭಾಗಗಳ ಪೆಟ್ಟಿಗೆಯನ್ನು ಕಾಣಿಕೆಯಾಗಿ ಕೊಟ್ಟಿದ್ದರು. ನಿಜವಾದ ಟ್ಯಾಂಕಿನ 35 ಸೆಂಟಿಮೀಟರು ಇದರಲ್ಲಿ ಒಂದು ಸೆಂಟಿಮೀಟರು. ಜಪಾನಿನ ತಮಿಯಾ ಕಂಪನಿ 1960ರ ದಶಕದಿಂದ ಈ ಪ್ರಮಾಣದ ಮಾದರಿಗಳನ್ನು ತಯಾರಿಸಿ ಜಗತ್ತಿನಾದ್ಯಂತ ರೂಢಿಗೆ ತಂದಿತು. ನಾವು ಎರಡು ತಿಂಗಳು ಶನಿವಾರ ಮಧ್ಯಾಹ್ನ ಕುಳಿತು ಅಂಟಿಸಿದೆವು, ಹಸಿರು ಬಣ್ಣ ಹಚ್ಚಿದೆವು, ಮೈಮೇಲೆ ಗುಂಡು ತಾಗಿದ ಗುರುತುಗಳನ್ನೂ ಮಾಡಿದೆವು. ಸರಪಳಿಗೆ ಮಾತ್ರ ಬೆಳ್ಳಿಯ ಬಣ್ಣ ಬಳಿದು, ಸಂದುಗಳಲ್ಲಿ ಕಪ್ಪು ಗೆರೆ ಎಳೆದು ಅರ್ಧ ಗಂಟೆಯಲ್ಲಿ ಮುಗಿಸಿದ್ದೆವು. ಬಂದವರೆಲ್ಲ ಮೆಚ್ಚಿಕೊಂಡರು. ನಮಗೆ ನೆಲ ಕಾಣದಷ್ಟು ಹಿಗ್ಗಾಗಿತ್ತು.

ಆಗ ಎಂಟನೆಯ ಇಯತ್ತೆಯ ಹುಡುಗಿಯೊಬ್ಬಳ ಅಜ್ಜ ಬಂದರು. ಅವರು ಸೈನ್ಯದಲ್ಲಿ ಟ್ಯಾಂಕು ನಡೆಸಿದವರು. ಕನ್ನಡಕ ಏರಿಸಿ, ಬಾಗಿ, ಬಹಳ ಹೊತ್ತು ನೋಡಿದರು. ಆಮೇಲೆ ಅಂದರು: "ಚಲೋ ಮಾಡೀರಿ ತಮ್ಮಾ. ಆದ್ರ ಇದು ಎಲ್ಲೂ ಹೋಗೇ ಇಲ್ಲಲ್ಲ!" ನಮಗೆ ಅರ್ಥವಾಗಲಿಲ್ಲ. "ಮೈಮ್ಯಾಲೆ ನೋಡಿದ್ರ ಯುದ್ಧ ಮಾಡಿ ಬಂದಂಗ ಐತಿ. ಕಾಲಾಗ ನೋಡಿದ್ರ ಈಗ ಅಂಗಡ್ಯಾಗಿಂದ ತಂದಂಗ ಐತಿ. ಟ್ಯಾಂಕಿನ ಖರೇ ಸುಳ್ಳು ಚೈನ್ ಹೇಳತೈತಿ" ಎಂದು ಹೇಳಿ, ನಮ್ಮ ಬೆನ್ನು ತಟ್ಟಿ ಹೋದರು.

ಮುಂದಿನ ತಿಂಗಳು ಪಾಲಕರ ಸಭೆಯಲ್ಲಿ ಇನ್ನೆರಡು ಮಾತುಗಳು ಬಂದವು. ಒಂದನೆಯದು, ಹತ್ತನೆಯ ಇಯತ್ತೆಯ ಪರೀಕ್ಷೆ ತಲೆಯ ಮೇಲಿರುವಾಗ ಮಕ್ಕಳು ಆಟಿಕೆಗೆ ಬಣ್ಣ ಹಚ್ಚುತ್ತ ಕೂಡ್ರುವುದು ಸರಿಯಲ್ಲ ಎಂಬುದು. ಎರಡನೆಯದು, ಶಾಲೆಯಲ್ಲಿ ಮಕ್ಕಳ ಕೈಗೆ ಯುದ್ಧದ ಆಯುಧವನ್ನು ಕೊಡುವುದೇಕೆ ಎಂಬುದು. ಎರಡೂ ಮಾತುಗಳನ್ನು ಹೇಳಿದವರು ನಮ್ಮ ಹಿತವನ್ನು ಬಯಸುವವರೇ. ಆದ್ದರಿಂದ ಅವಕ್ಕೆ ಉತ್ತರ ಕೊಡುವುದು ನಮ್ಮ ಕರ್ತವ್ಯ. ಆದರೆ ಉತ್ತರ ಕೊಡುವ ಮೊದಲು ಅಜ್ಜನವರ ಮಾತಿಗೆ ನಾವು ಉತ್ತರ ಹುಡುಕಬೇಕಾಗಿತ್ತು.

ಮೊದಲು ಸರಪಳಿ ಎಂದರೇನು ಎಂದು ತಿಳಿಯಲು ಹೊರಟೆವು. ಅದು ಹುಟ್ಟಿದ್ದು ರಣರಂಗದಲ್ಲಿ ಅಲ್ಲ, ಹೊಲದಲ್ಲಿ ಎಂಬುದನ್ನು ಓದಿ ಆಶ್ಚರ್ಯಪಟ್ಟೆವು. ಅಮೆರಿಕದ ಕ್ಯಾಲಿಫೋರ್ನಿಯಾದ ಸ್ಟಾಕ್ಟನ್ ಊರಿನ ಸುತ್ತಲಿನ ನೆಲ ಬಹಳ ಮೆತ್ತಗೆ. ಭಾರವಾದ ಉಗಿ ಟ್ರ್ಯಾಕ್ಟರುಗಳು ಅಲ್ಲಿ ಹೂತುಹೋಗುತ್ತಿದ್ದವು. ಬೆಂಜಮಿನ್ ಹೋಲ್ಟ್ ಎಂಬವರು 1904ರ ನವೆಂಬರದಲ್ಲಿ ಹಿಂದಿನ ಗಾಲಿಗಳನ್ನು ತೆಗೆದು ಸುತ್ತುವ ಸರಪಳಿ ಹಾಕಿ ಪರೀಕ್ಷಿಸಿದರು. ಯಂತ್ರವು ಕೆಸರಿನ ಮೇಲೆ ನಡೆಯಿತು. ಹತ್ತು ವರ್ಷಗಳ ಮೇಲೆ ಯುರೋಪಿನಲ್ಲಿ ಮೊದಲ ಮಹಾಯುದ್ಧ ಪ್ರಾರಂಭವಾಯಿತು. ಇಂಗ್ಲೆಂಡಿನವರ ಹತ್ತಿರ ಬಂದೂಕಿತ್ತು, ಇಂಜಿನ್ನಿತ್ತು, ಉಕ್ಕಿನ ತಗಡಿತ್ತು. ಕಂದಕ ದಾಟುವ ಸರಪಳಿ ಮಾತ್ರ ಇರಲಿಲ್ಲ. ಅಮೆರಿಕದಿಂದ ತರಿಸಿದ್ದು ಕಳಚಿ ಬೀಳುತ್ತಿತ್ತು. 1915ರ ಸೆಪ್ಟೆಂಬರದಲ್ಲಿ ಲಿಂಕನ್ ಊರಿನ ಕಾರಖಾನೆಯೊಂದರಲ್ಲಿ ವಿಲಿಯಂ ಟ್ರಿಟನ್ ಮತ್ತು ಅವರ ಸಂಗಡಿಗರು ಹೊಸ ಬಗೆಯ ಸರಪಳಿಯನ್ನು ರೂಪಿಸಿದ ಮೇಲೆಯೇ ಟ್ಯಾಂಕು ಎಂಬ ವಸ್ತು ಸಾಧ್ಯವಾಯಿತು. 1916ರ ಸೆಪ್ಟೆಂಬರ 15ರಂದು ಫ್ರಾನ್ಸಿನ ಸೋಮ್ ರಣಭೂಮಿಯಲ್ಲಿ ಅದು ಮೊದಲ ಸಲ ಕಾಣಿಸಿಕೊಂಡಿತು. ಹೀಗಾಗಿ ತೋಪು ಟ್ಯಾಂಕಿನ ಮುಖವಿರಬಹುದು, ಆದರೆ ಅದರ ಜೀವ ಸರಪಳಿಯಲ್ಲಿದೆ. ನಾವು ಮುಖಕ್ಕೆ ಎರಡು ತಿಂಗಳು, ಜೀವಕ್ಕೆ ಅರ್ಧ ಗಂಟೆ ಕೊಟ್ಟಿದ್ದೆವು!

ಸರಪಳಿ ಮಾಡುವ ಕೆಲಸವನ್ನು ಗಣಿತದಿಂದಲೂ ತಿಳಿದುಕೊಂಡೆವು. ಟಿ-34ರ ತೂಕ ಸುಮಾರು 27 ಟನ್. ಅದರ ಒಂದೊಂದು ಸರಪಳಿಯ ಅಗಲ ಅರ್ಧ ಮೀಟರು, ನೆಲಕ್ಕೆ ತಾಗುವ ಉದ್ದ ಸುಮಾರು 3.7 ಮೀಟರು. ಎರಡೂ ಸರಪಳಿ ಕೂಡಿ ನೆಲವನ್ನು ಒತ್ತುವ ಕ್ಷೇತ್ರಫಲ 3.7 ಚದರ ಮೀಟರು, ಅಂದರೆ 37,000 ಚದರ ಸೆಂಟಿಮೀಟರು. ಹೀಗಾಗಿ ಒಂದು ಚದರ ಸೆಂಟಿಮೀಟರಿನ ಮೇಲೆ ಬೀಳುವ ಭಾರ ಮುಕ್ಕಾಲು ಕಿಲೋಗ್ರಾಂನಷ್ಟು. ನಮ್ಮಲ್ಲಿ 45 ಕಿಲೋಗ್ರಾಂ ತೂಗುವ ಒಬ್ಬನ ಪಾದವನ್ನು ಆಲೇಖ ಕಾಗದದ ಮೇಲೆ ಬರೆದು ಚೌಕಗಳನ್ನು ಎಣಿಸಿದೆವು. ಸುಮಾರು 130 ಚದರ ಸೆಂಟಿಮೀಟರು ಬಂತು. ಅವನು ಒಂದೇ ಕಾಲ ಮೇಲೆ ನಿಂತರೆ ಒಂದು ಚದರ ಸೆಂಟಿಮೀಟರಿನ ಮೇಲೆ 350 ಗ್ರಾಂ. ಅಂದರೆ 27 ಟನ್ನಿನ ಟ್ಯಾಂಕು ನೆಲವನ್ನು ಒತ್ತುವುದು ಕುಂಟೋಬಿಲ್ಲೆ ಆಡುವ ಹುಡುಗನ ಎರಡು ಪಟ್ಟು ಮಾತ್ರ! ಒತ್ತಡದ ಪಾಠವನ್ನು ನಾವು ಪುಸ್ತಕದಲ್ಲಿ ಓದಿದ್ದೆವು. ಆದರೆ ಅದು ನಮಗೆ ತಿಳಿದದ್ದು ಆ ದಿನ.

1941ರ ಶರತ್ಕಾಲದಲ್ಲಿ ಸೋವಿಯೆತ್ ದೇಶದ ದಾರಿಗಳು ಮಳೆಯಿಂದ ಕೆಸರಿನ ಹೊಳೆಗಳಾದಾಗ ಜರ್ಮನ್ ಟ್ಯಾಂಕುಗಳು ಸಿಕ್ಕಿಕೊಂಡು ತಡವರಿಸಿದವು. ಅವುಗಳ ಸರಪಳಿ ಸುಮಾರು 40 ಸೆಂಟಿಮೀಟರು ಅಗಲದವು. ಅಗಲ ಸರಪಳಿಯ ಟಿ-34 ಆ ಕೆಸರಿನಲ್ಲಿ ಅವುಗಳಿಗಿಂತ ಚೆನ್ನಾಗಿ ನಡೆಯಿತು. ಅಂಥ ಟ್ಯಾಂಕಿನ ಪ್ರತಿಕೃತಿ ಮಾಡಿ, ಅದರ ಕಾಲಿಗೆ ಒಂದು ಹನಿ ಮಣ್ಣು ಹತ್ತಿಸದೆ ನಿಲ್ಲಿಸಿದ ನಮ್ಮ ಕೆಲಸ ಎಂಥದು ಎಂದು ನಮಗೇ ನಾಚಿಕೆಯಾಯಿತು.

ಇನ್ನು ಬಣ್ಣದ ಮಾತು. ಸರಪಳಿಗೆ ಬಣ್ಣ ಹಚ್ಚುವವರು ಸಾಮಾನ್ಯವಾಗಿ ಮೂರು ತಪ್ಪುಗಳನ್ನು ಮಾಡುತ್ತಾರೆಂದು ನಮ್ಮ ಅಭಿಪ್ರಾಯ. ನಮ್ಮ ಹಾಗೆ ಬೆಳ್ಳಿ ಬಳಿಯುವವರು ಕೆಲವರು. ಕಪ್ಪು ಬಳಿಯುವವರು ಕೆಲವರು. ಮೂರನೆಯವರು ಬಲ್ಲವರೆನಿಸಿಕೊಂಡವರು: ಸರಪಳಿ ಎಂದರೆ ಕಬ್ಬಿಣ, ಕಬ್ಬಿಣವೆಂದರೆ ತುಕ್ಕು ಎಂದು ಕಿತ್ತಳೆ ಹಣ್ಣಿನಂತೆ ಕೆಂಪಗೆ ಮಾಡಿಬಿಡುತ್ತಾರೆ. ಮೂರೂ ಜನ ಬಣ್ಣವನ್ನು ಹೆಸರಿನಿಂದ ತೆಗೆದುಕೊಂಡವರೇ ಹೊರತು ಕಣ್ಣಿನಿಂದ ತೆಗೆದುಕೊಂಡವರಲ್ಲ.

ಕಣ್ಣಿನಿಂದ ತೆಗೆದುಕೊಳ್ಳಲು ನಮ್ಮಲ್ಲಿ ಟ್ಯಾಂಕು ಎಲ್ಲಿದೆ? ಆಗ ನಮ್ಮ ಚಿತ್ರಕಲೆಯ ಗುರುಗಳು ಒಂದು ದಾರಿ ತೋರಿಸಿದರು. ಜುಲೈ ತಿಂಗಳಲ್ಲಿ ನಮ್ಮೂರ ಹೊರಗೆ ರಸ್ತೆಯ ಕೆಲಸ ನಡೆದಿತ್ತು. ಅಲ್ಲಿ ಮಣ್ಣು ಅಗೆಯುವ ಪೋಕ್ಲೇನ್ ಯಂತ್ರವಿತ್ತು. ಅದು ನಡೆಯುವುದೂ ಸರಪಳಿಯ ಮೇಲೆಯೇ. ಹೋಲ್ಟರ ಟ್ರ್ಯಾಕ್ಟರಿನ ವಂಶದಲ್ಲಿ ಟ್ಯಾಂಕು ಒಂದು ಕವಲಾದರೆ ಇದು ಇನ್ನೊಂದು ಕವಲು. ಒಂದು ಶನಿವಾರ ಮಧ್ಯಾಹ್ನ, ಕೆಲಸ ನಿಂತ ಮೇಲೆ, ಚಾಲಕರ ಅಪ್ಪಣೆ ಪಡೆದು, ಗುರುಗಳ ಸಂಗಡ ವಹಿ ಪೆನ್ಸಿಲು ಹಿಡಿದು ಹೋದೆವು.

ನಾವು ಕಂಡದ್ದು ಇಷ್ಟು. ನೆಲಕ್ಕೆ ಒತ್ತುವ ಏಣುಗಳ ಅಂಚು ಮಾತ್ರ ಬೆಳ್ಳಿಯಂತೆ ಹೊಳೆಯುತ್ತಿತ್ತು, ಏಕೆಂದರೆ ಕಲ್ಲುಮಣ್ಣು ಅದನ್ನು ದಿನವೆಲ್ಲ ಉಜ್ಜುತ್ತದೆ. ಒಳಮೈಯಲ್ಲಿ ಉರುಳೆಗಳು ಓಡುವ ದಾರಿಯೂ ಹೊಳೆಯುತ್ತಿತ್ತು, ಆದರೆ ಅದು ಎಣ್ಣೆ ಹತ್ತಿದ ಕಪ್ಪು ಹೊಳಪು. ಯಾವುದೂ ತಾಗದ ಭಾಗವೆಲ್ಲ ಕಡುಗಂದು. ಕಂದು ಅಂದರೆ ಬೆಲ್ಲದ ಬಣ್ಣವಲ್ಲ. ಹಳೆಯ ರೊಟ್ಟಿಯ ಹಂಚಿಗೆ ತುಸು ಕೆಂಪು ಬೆರೆಸಿದಂಥ ಬಣ್ಣ. ಸಂದುಗಳಲ್ಲಿ ಎರೆಮಣ್ಣು ಗಟ್ಟಿಯಾಗಿ ತುಂಬಿಕೊಂಡಿತ್ತು. ಒಳಗೆ ಹಸಿಯಿದ್ದಲ್ಲಿ ಕಪ್ಪು, ಹೊರಗೆ ಒಣಗಿದಲ್ಲಿ ಬೂದಿ, ನಡುವೆ ಬಿರುಕು. ಒಂದು ಕಡೆ ಕಬ್ಬಿನ ರವದಿಯ ಎಳೆ ಸಿಕ್ಕಿಕೊಂಡಿತ್ತು. ಕೆಂಪು ತುಕ್ಕು ಹುಡುಕಿದೆವು, ಸಿಗಲಿಲ್ಲ. ಚಾಲಕರನ್ನು ಕೇಳಿದೆವು. ಅವರು ನಕ್ಕು, "ನಡಿಯೋ ಮಷೀನಿಗಿ ಎಲ್ಲೀ ತುಕ್ಕು ಹಿಡೀತೈತ್ರೀ? ನಿಂತ್ರ ಹಿಡೀತೈತಿ. ಸೋಮವಾರ ಮುಂಜಾನೆ ಬರ್ರಿ, ತೋರಸ್ತೀನಿ" ಅಂದರು.

ಸೋಮವಾರ ಶಾಲೆಯ ಮುಂಚೆ ಮತ್ತೆ ಹೋದೆವು. ರವಿವಾರ ರಾತ್ರಿ ಮಳೆಯಾಗಿತ್ತು. ಶನಿವಾರ ಬೆಳ್ಳಿಯಂತಿದ್ದ ಅಂಚುಗಳ ಮೇಲೆ ಅರಿಷಿಣ-ಕುಂಕುಮ ಕಲಸಿದಂಥ ತೆಳುವಾದ ತುಕ್ಕಿನ ಪದರು ಬಂದಿತ್ತು. ಚಾಲಕರು ಯಂತ್ರ ಚಾಲೂ ಮಾಡಿದರು. ನಾವು ದೂರ ನಿಂತು ನೋಡಿದೆವು. ಶಾಲೆಯ ಗಂಟೆಯಾಗುವ ಹೊತ್ತಿಗೆ ಆ ಕೆಂಪು ಮಾಯವಾಗಿ ಬೆಳ್ಳಿ ಮತ್ತೆ ಬಂದಿತ್ತು. ಎರಡು ದಿನಗಳಲ್ಲಿ ಒಂದೇ ಕಬ್ಬಿಣ ನಮಗೆ ಮೂರು ಬಣ್ಣ ತೋರಿಸಿತು, ಮೂರಕ್ಕೂ ಕಾರಣ ತೋರಿಸಿತು.

ಇದೇ ನಮ್ಮ ಲೇಖನದ ಮುಖ್ಯ ಮಾತು. ಪ್ರತಿಯೊಂದು ಕಲೆಗೂ ಕಾರಣವಿರಬೇಕು. ಕಾರಣ ಹೇಳಲು ಬರದ ಬಣ್ಣವನ್ನು ಹಚ್ಚಬಾರದು. ಇದು ಚೆಂದ ಕಾಣುತ್ತದೆ ಎಂಬುದು ಕಾರಣವಲ್ಲ. ಬೇರೆಯವರು ಹಚ್ಚಿದ್ದಾರೆ ಎಂಬುದಂತೂ ಅಲ್ಲವೇ ಅಲ್ಲ.

ಆಗಸ್ಟ್ ತಿಂಗಳಲ್ಲಿ ಹಳೆಯ ಬೆಳ್ಳಿಯನ್ನು ಕೆರೆದು ಹಾಕಿ ಮೊದಲಿನಿಂದ ಪ್ರಾರಂಭಿಸಿದೆವು. ಮಾಡಿದ ಕ್ರಮವನ್ನು ಕಿರಿಯ ಮಿತ್ರರಿಗೆ ಉಪಯೋಗವಾಗಲೆಂದು ಹೇಳುತ್ತೇವೆ. ಮೊದಲು ಸರಪಳಿಯನ್ನು ಸಾಬೂನು ನೀರಿನಲ್ಲಿ ತೊಳೆದು ಒಣಗಿಸಬೇಕು, ಅಚ್ಚಿನ ಜಿಡ್ಡು ಉಳಿದರೆ ಬಣ್ಣ ಹಿಡಿಯುವುದಿಲ್ಲ. ಮಾದರಿಯ ಸರಪಳಿ ಬಾಗುವ ಮೆತ್ತನೆಯ ಪ್ಲಾಸ್ಟಿಕ್ಕಿನದಾದ್ದರಿಂದ ಬಣ್ಣ ಹಚ್ಚಿ ಬಗ್ಗಿಸಿದರೆ ಸಿಪ್ಪೆ ಏಳುತ್ತದೆ. ಆದ್ದರಿಂದ ಗಾಲಿಗಳಿಗೆ ಸುತ್ತಿ ಕೂಡ್ರಿಸಿದ ಮೇಲೆಯೇ ಬಣ್ಣ. ಕೂಡ್ರಿಸುವಾಗಲೂ ಒಂದು ಎಚ್ಚರಿಕೆ ಬೇಕು. ಟಿ-34ರಲ್ಲಿ ಸರಪಳಿಯ ಮೇಲಿನ ಭಾಗವನ್ನು ಎತ್ತಿ ಹಿಡಿಯುವ ಸಣ್ಣ ಉರುಳೆಗಳಿಲ್ಲ. ಸರಪಳಿ ತನ್ನ ಭಾರದಿಂದ ದೊಡ್ಡ ಗಾಲಿಗಳ ಮೇಲೆ ಮಲಗಿ, ಗಾಲಿ ಗಾಲಿಗಳ ನಡುವೆ ತುಸು ಜೋಲುತ್ತದೆ. ಪ್ಲಾಸ್ಟಿಕ್ಕಿಗೆ ಭಾರವಿಲ್ಲ, ಅದು ಹಗ್ಗ ಬಿಗಿದಂತೆ ನೆಟ್ಟಗೆ ನಿಲ್ಲುತ್ತದೆ. ನಾವು ಅದನ್ನು ಗಾಲಿಗಳ ತಲೆಗೆ ಅಂಟಿಸಿ, ನಡುವೆ ದಾರದಿಂದ ಕೆಳಗೆಳೆದು ಕಟ್ಟಿದೆವು. ಇಷ್ಟರಿಂದಲೇ ಮಾದರಿಗೆ ತೂಕ ಬಂದಂತೆ ಕಂಡಿತು.

ಆಮೇಲೆ ಅಕ್ರಿಲಿಕ್ ಬಣ್ಣದಲ್ಲಿ ಕಡುಗಂದು ಮತ್ತು ಬೂದಿ ಬೆರೆಸಿ ತೆಳ್ಳಗೆ ಎರಡು ಸಲ ಹಚ್ಚಿದೆವು. ಅದು ಪೂರ್ತಿ ಒಣಗಿದ ಮೇಲೆ ಕಪ್ಪುಗಂದು ತೈಲವರ್ಣವನ್ನು ಟರ್ಪೆಂಟೈನಿನಲ್ಲಿ ಚಹದ ನೀರಿನಷ್ಟು ತೆಳ್ಳಗೆ ಕಲಸಿ ಸಂದುಗಳಿಗೆ ಹರಿಯಬಿಟ್ಟೆವು. ಅದು ತಾನಾಗಿಯೇ ತಗ್ಗುಗಳಲ್ಲಿ ನಿಂತು ನೆರಳಾಗುತ್ತದೆ. ಈ ಕೆಲಸವನ್ನು ಬಾಗಿಲು ಮುಚ್ಚಿದ ಕೋಣೆಯಲ್ಲಿ ಮಾಡಬಾರದು, ಪಡಸಾಲೆಯ ಗಾಳಿಯಲ್ಲಿ ಮಾಡಬೇಕು, ಹತ್ತಿರ ದೀಪ ಒಲೆ ಇರಕೂಡದು. ಹೊಳಪಿಗೆ ಬೆಳ್ಳಿ ಬಣ್ಣವನ್ನು ಮುಟ್ಟಲೇ ಇಲ್ಲ. 6ಬಿ ಪೆನ್ಸಿಲ್ಲಿನ ಸೀಸವನ್ನು ಅರೆದು ಪುಡಿ ಮಾಡಿ, ಬೆರಳ ತುದಿಯಿಂದ ಏಣುಗಳ ಅಂಚಿಗೆ ಮಾತ್ರ ತಿಕ್ಕಿದೆವು. ಉಜ್ಜಿದ ಉಕ್ಕಿನ ಹೊಳಪು ಅದರಿಂದ ಬಂದಷ್ಟು ಬೇರೆ ಯಾವುದರಿಂದಲೂ ಬರಲಿಲ್ಲ. ನೆಲಕ್ಕೆ ಉಜ್ಜುವ ಹೊರ ಅಂಚಿಗೆ ತಿಕ್ಕಿದೆವು. ಒಳಮೈಯಲ್ಲಿ ಸರಪಳಿಯ ಹಲ್ಲುಗಳ ಪಕ್ಕಕ್ಕೂ ತಿಕ್ಕಿದೆವು, ಏಕೆಂದರೆ ಗಾಲಿಗಳು ಅಲ್ಲಿ ಉಜ್ಜುತ್ತವೆ. ಟಿ-34ರ ಗಾಲಿಗಳಲ್ಲಿ ಬಹುತೇಕ ರಬ್ಬರಿನ ಅಂಚಿನವು, ಆದ್ದರಿಂದ ಅವು ಓಡುವ ದಾರಿಯಲ್ಲಿ ಹೊಳಪನ್ನು ಕಡಿಮೆ ಮಾಡಿದೆವು.

ಕೊನೆಗೆ ಮಣ್ಣು. ನಮ್ಮ ಹೊಲದ ಎರೆಮಣ್ಣನ್ನು ಒಣಗಿಸಿ, ಕುಟ್ಟಿ, ಫೆವಿಕಾಲ್ ನೀರಿನಲ್ಲಿ ಕಲಸಿ ಹಚ್ಚಬೇಕೆಂದುಕೊಂಡೆವು. ಹಚ್ಚಿ ನೋಡಿದಾಗ ಟ್ಯಾಂಕು ಬಂಡೆಗಲ್ಲುಗಳ ನಡುವೆ ಹೋಗಿ ಬಂದಂತೆ ಕಂಡಿತು. ಯಾಕೆಂದು ಗುಣಿಸಿ ನೋಡಿದೆವು. ಒಂದು ಮಿಲಿಮೀಟರಿನ ಮಣ್ಣಿನ ಹರಳು ಈ ಪ್ರಮಾಣದಲ್ಲಿ 35 ಮಿಲಿಮೀಟರಿನ ಕಲ್ಲು! ಆಗ ಅದೇ ಮಣ್ಣನ್ನು ಹಳೆಯ ಧೋತರದ ತುಂಡಿನಲ್ಲಿ ಎರಡು ಸಲ ಸೋಸಿ, ಗೋಧಿ ಹಿಟ್ಟಿಗಿಂತ ನುಣ್ಣಗೆ ಮಾಡಿ ಹಚ್ಚಿದೆವು. ಆಗ ಅದು ಮಣ್ಣಾಗಿ ಕಂಡಿತು.

ಇಲ್ಲಿ ನಮ್ಮೊಳಗೆ ಒಂದು ವಾದವೂ ನಡೆಯಿತು. ಟಿ-34 ಓಡಾಡಿದ ಉಕ್ರೇನಿನ ಕರಿಮಣ್ಣು ಹುಲ್ಲುಗಾವಲಿನ ಕೊಳೆತ ಬೇರು-ಎಲೆಗಳಿಂದ ಕಪ್ಪಾದದ್ದು. ನಮ್ಮ ಎರೆಮಣ್ಣು ದಖ್ಖನದ ಕಪ್ಪುಶಿಲೆ ಸವೆದು ಆದ ಜೇಡಿ. ಎರಡೂ ಕಪ್ಪು, ಆದರೆ ಎರಡೂ ಒಂದಲ್ಲ. ನಮ್ಮ ಮಣ್ಣನ್ನು ಅದರ ಕಾಲಿಗೆ ಹಚ್ಚಿದರೆ ಅದು ಸುಳ್ಳಲ್ಲವೇ ಎಂದು ಒಬ್ಬಳು ಕೇಳಿದಳು. ನ್ಯಾಯವಾದ ಪ್ರಶ್ನೆ. ಬಹಳ ಚರ್ಚೆಯಾದ ಮೇಲೆ ಹೀಗೆ ತೀರ್ಮಾನಿಸಿದೆವು: ಮಣ್ಣು ಸಂದಿನಲ್ಲಿ ಹೇಗೆ ತುಂಬುತ್ತದೆ, ಎಲ್ಲಿ ಮೊದಲು ಒಣಗುತ್ತದೆ, ಎಲ್ಲಿ ಉದುರುತ್ತದೆ ಎಂಬ ನಡತೆಯನ್ನು ನಮ್ಮೂರ ಮಣ್ಣಿನಿಂದ ಕಲಿಯುವುದು. ಬಣ್ಣವನ್ನು ಮಾತ್ರ ಆ ನಾಡಿನ ಛಾಯಾಚಿತ್ರಗಳನ್ನು ನೋಡಿ ತಿದ್ದುವುದು. ಹಾಗೆಯೇ ತುಸು ಕಪ್ಪುಗಂದು ಬಣ್ಣದ ಪುಡಿಯನ್ನು ಬೆರೆಸಿದೆವು. ಪ್ರದರ್ಶನದ ಚೀಟಿಯಲ್ಲಿ 'ಮಣ್ಣು ನಮ್ಮೂರದು, ಬಣ್ಣ ತಿದ್ದಿದ್ದು' ಎಂದು ಬರೆದೆವು.

ಈ ಕಲೆಯನ್ನು ಬಲ್ಲ ದೊಡ್ಡವರು ಪರದೇಶಗಳಲ್ಲಿ ಬಹಳ ಜನರಿದ್ದಾರೆ. ಅಮೆರಿಕದ ಶೆಪರ್ಡ್ ಪೇನ್ (1946–2015), ಬೆಲ್ಜಿಯಂ ದೇಶದ ಫ್ರಾಂಸ್ವಾ ವರ್ಲಿಂಡೆನ್ ಮೊದಲಾದವರು 1970 ಮತ್ತು 1980ರ ದಶಕಗಳಲ್ಲಿ ತೆಳುಬಣ್ಣ ಹರಿಯಿಸುವುದು, ಒಣ ಕುಂಚದಿಂದ ಏಣುಗಳನ್ನು ಎತ್ತಿ ತೋರಿಸುವುದು ಇವೇ ಮೊದಲಾದ ವಿಧಾನಗಳನ್ನು ಲಕ್ಷಾಂತರ ಜನರಿಗೆ ಕಲಿಸಿದರು. ಈಗ ಮಣ್ಣು, ಧೂಳು, ತುಕ್ಕು ಎಲ್ಲವೂ ಸಣ್ಣ ಸಣ್ಣ ಬಾಟಲಿಗಳಲ್ಲಿ ಮಾರಾಟಕ್ಕೆ ಸಿಗುತ್ತವೆ. ಬಾಟಲಿಯ ತುಕ್ಕು ಕೈಯಲ್ಲಿದ್ದಾಗ ಟ್ಯಾಂಕಿನ ತುಂಬ ತುಕ್ಕು ಸುರಿಯುವ ಆಸೆಯಾಗುವುದು ಸಹಜ. ಆದರೆ ಅತಿ ತುಕ್ಕೂ ನಮ್ಮ ಮೊದಲಿನ ಬೆಳ್ಳಿಯಷ್ಟೇ ಸುಳ್ಳು. ಅದು ಹುಲ್ಲಿನಲ್ಲಿ ವರ್ಷಗಟ್ಟಲೆ ಬಿದ್ದ ಟ್ಯಾಂಕಿಗೆ ಸರಿ, ನಡೆಯುವ ಟ್ಯಾಂಕಿಗೆ ಸರಿಯಲ್ಲ. ಮೊದಲು ಟ್ಯಾಂಕಿನ ಕಥೆ ಗೊತ್ತಿರಬೇಕು, ಆಮೇಲೆ ಬಾಟಲಿಯ ಬೂಚು ತೆಗೆಯಬೇಕು.

ಈ ವರ್ಷ ನವೆಂಬರದ ಶೈಕ್ಷಣಿಕ ಪ್ರವಾಸದಲ್ಲಿ ಅಹಿಲ್ಯಾನಗರದ (ಹಿಂದಿನ ಅಹಮದನಗರ) ಟ್ಯಾಂಕ್ ಸಂಗ್ರಹಾಲಯವನ್ನು ನೋಡುವ ಭಾಗ್ಯ ನಮಗೆ ದೊರೆಯಿತು. 1994ರಲ್ಲಿ ಪ್ರಾರಂಭವಾದ ಈ ಸಂಗ್ರಹಾಲಯ ನಮ್ಮ ಸೋಲಾಪುರ ಜಿಲ್ಲೆಯ ನೆರೆಯ ಜಿಲ್ಲೆಯಲ್ಲಿಯೇ ಇದೆ. ಅಲ್ಲಿ ನಿಂತ ಟ್ಯಾಂಕುಗಳನ್ನು ಕಂಡು ಮೈ ಜುಮ್ಮೆಂದಿತು. ಆದರೆ ನಮ್ಮ ಕಣ್ಣು ಹೋದದ್ದು ಕಾಲ ಕಡೆಗೆ. ಬಯಲಲ್ಲಿ ನಿಲ್ಲಿಸಿದ ಟ್ಯಾಂಕುಗಳು ತುಕ್ಕು ಹಿಡಿಯಬಾರದೆಂದು ಸಾಮಾನ್ಯವಾಗಿ ಸರಪಳಿಗೂ ಬಣ್ಣ ಬಳಿದಿರುತ್ತಾರೆ. ಅದು ಅವುಗಳನ್ನು ಕಾಪಾಡುವ ಬಣ್ಣ, ಅವು ಯುದ್ಧದಲ್ಲಿದ್ದಾಗಿನ ಬಣ್ಣವಲ್ಲ. ಹೋದ ವರ್ಷ ಹೋಗಿದ್ದರೆ ಅದನ್ನೇ ನಕಲು ಮಾಡಿ, ನಿಜವಾದ ಟ್ಯಾಂಕು ನೋಡಿ ಬಂದೆವೆಂದು ಹೇಳುತ್ತಿದ್ದೆವು. ರಸ್ತೆಯ ಬದಿಯ ಪೋಕ್ಲೇನ್ ನಮ್ಮನ್ನು ಆ ತಪ್ಪಿನಿಂದ ಪಾರು ಮಾಡಿತು. ಇನ್ನೊಂದು ಸಂಗತಿಯನ್ನೂ ಅಲ್ಲಿ ಕಲಿತೆವು. 1965ರ ಯುದ್ಧದಲ್ಲಿ ನಮ್ಮವರು ವಶಪಡಿಸಿಕೊಂಡ ಪ್ಯಾಟನ್ ಟ್ಯಾಂಕಿನ ಸರಪಳಿಯ ತುಂಡುಗಳಿಗೆ ರಬ್ಬರಿನ ಹೊದಿಕೆ ಇರುತ್ತದೆ. ರಬ್ಬರು ಎಷ್ಟು ಉಜ್ಜಿದರೂ ಬೆಳ್ಳಿಯಾಗದು. ಅಲ್ಲಿ ಹೊಳೆಯಬೇಕಾದದ್ದು ತುಂಡುಗಳನ್ನು ಜೋಡಿಸುವ ಉಕ್ಕಿನ ಕೊಂಡಿಗಳು ಮತ್ತು ನಡುವಿನ ಹಲ್ಲುಗಳು ಮಾತ್ರ. ಆದ್ದರಿಂದ ಟಿ-34ಕ್ಕೆ ಕಲಿತ ಕ್ರಮವನ್ನು ಪ್ಯಾಟನ್ನಿಗೆ ಹಚ್ಚಿದರೆ ಮತ್ತೆ ತಪ್ಪೇ ಆಗುತ್ತದೆ.

ಅದೇ ಪ್ಯಾಟನ್ ಟ್ಯಾಂಕುಗಳ ಕಥೆ ನಮ್ಮ ಮಾತಿಗೆ ದೊಡ್ಡ ಸಾಕ್ಷಿ. 1965ರ ಸೆಪ್ಟೆಂಬರದಲ್ಲಿ ಪಂಜಾಬಿನ ಖೇಮಕರಣದ ಹತ್ತಿರ ಅಸಲ್ ಉತ್ತರ ಎಂಬಲ್ಲಿ ನಮ್ಮ ಸೈನ್ಯ ಹೊಲಗಳಿಗೆ ನೀರು ಬಿಟ್ಟಿತು. ಕಬ್ಬಿನ ಹೊಲಗಳ ಕೆಸರಿನಲ್ಲಿ ಎಷ್ಟೋ ಪ್ಯಾಟನ್ನುಗಳು ಸಿಕ್ಕಿಕೊಂಡವು. ಹವಾಲ್ದಾರ ಅಬ್ದುಲ್ ಹಮೀದರು ಜೀಪಿನ ಮೇಲಿನ ತೋಪಿನಿಂದ ಟ್ಯಾಂಕುಗಳನ್ನು ಹೊಡೆದು, ಕೊನೆಗೆ ತಾವೂ ವೀರಮರಣ ಹೊಂದಿ, ಪರಮವೀರಚಕ್ರಕ್ಕೆ ಪಾತ್ರರಾದದ್ದು ಆ ಯುದ್ಧದಲ್ಲಿಯೇ. ಕೆಸರನ್ನು ಬಿಟ್ಟು ಆ ಇತಿಹಾಸವನ್ನು ಹೇಳಲು ಸಾಧ್ಯವಿಲ್ಲ.

ಈಗ ಪಾಲಕರ ಎರಡು ಮಾತುಗಳಿಗೆ ಬರುತ್ತೇವೆ.

ವೇಳೆ ಹಾಳಾಗುತ್ತದೆ ಎಂಬುದು ಮೊದಲನೆಯ ಮಾತು. ವಾರಕ್ಕೆ ಒಂದು ಮಧ್ಯಾಹ್ನದಂತೆ ನಾಲ್ಕು ತಿಂಗಳು ಈ ಕೆಲಸ ಮಾಡಿದೆವು. ಪೆಟ್ಟಿಗೆ ಕಾಣಿಕೆಯಾಗಿ ಬಂದದ್ದು. ಅಂಥ ಪರದೇಶದ ಪೆಟ್ಟಿಗೆಗಳಿಗೆ ಸಾವಿರಾರು ರೂಪಾಯಿ ಬೀಳುತ್ತದೆ, ಅದನ್ನು ಕೊಡಿಸಿರೆಂದು ನಾವು ಯಾರನ್ನೂ ಕೇಳುವುದಿಲ್ಲ. ಎಂಟನೆಯ ಇಯತ್ತೆಯವರು ರಟ್ಟಿನಿಂದಲೇ ಟ್ಯಾಂಕು ಮಾಡಿ, ಹಳೆಯ ಸೈಕಲ್ ಟ್ಯೂಬಿನ ಪಟ್ಟಿಯ ಮೇಲೆ ಬೆಂಕಿಕಡ್ಡಿಯ ತುಂಡುಗಳನ್ನು ಅಂಟಿಸಿ ಸರಪಳಿ ಮಾಡಿದ್ದಾರೆ. ಬಣ್ಣ ಹಚ್ಚಿದ ಮೇಲೆ ಅದು ನಮ್ಮದಕ್ಕೆ ಬಹಳ ಹಿಂದೆ ಬಿದ್ದಿಲ್ಲ. ಸೀಸದ ಪೆನ್ಸಿಲು, ಹೊಲದ ಮಣ್ಣು, ಧೋತರದ ತುಂಡು ಇವಕ್ಕೆಷ್ಟು ಖರ್ಚು? ಈ ನಾಲ್ಕು ತಿಂಗಳಲ್ಲಿ ನಾವು ಒತ್ತಡ ಕಲಿತೆವು, ಪ್ರಮಾಣ ಕಲಿತೆವು, ಕಬ್ಬಿಣಕ್ಕೆ ತುಕ್ಕು ಹಿಡಿಯುವ ರೀತಿಯನ್ನು ಕಣ್ಣಾರೆ ಕಂಡೆವು, ಎರಡು ಖಂಡಗಳ ಕರಿಮಣ್ಣಿನ ಭೇದ ತಿಳಿದೆವು. ಇವೆಲ್ಲ ನಮ್ಮ ಪಠ್ಯಪುಸ್ತಕದ ಒಳಗಿನ ವಿಷಯಗಳೇ. ಆದರೂ ಅಂಕಗಳ ಆಸೆ ತೋರಿಸಿ ನಿಮ್ಮನ್ನು ಒಪ್ಪಿಸಲು ನಮಗೆ ಮನಸ್ಸಿಲ್ಲ. ಬರೆದು ಕೊಟ್ಟ ಉತ್ತರವನ್ನು ಬಾಯಿಪಾಠ ಮಾಡಿ ಒಪ್ಪಿಸುವ ರೂಢಿ ನಮಗೆ ಬಹಳ ಬಲವಾಗಿದೆ. ಬೆಳ್ಳಿ ಬಳಿದಾಗ ನಾವು ಮಾಡಿದ್ದೂ ಅದನ್ನೇ. ಹೋಗಿ ನೋಡಿ ಬಂದು ಉತ್ತರ ಬರೆಯುವುದನ್ನು ಕಲಿಸಿದ ಕೆಲಸವನ್ನು ವೇಳೆ ಕಳೆಯುವುದು ಎಂದು ಕರೆಯಬೇಡಿರೆಂದು ನಮ್ಮ ವಿನಂತಿ.

ಯುದ್ಧದ ಮೋಹ ಬೆಳೆಯುತ್ತದೆ ಎಂಬುದು ಎರಡನೆಯ ಮಾತು. ಇದು ಮೊದಲನೆಯದಕ್ಕಿಂತ ದೊಡ್ಡ ಮಾತು. ಮೊದಲ ಸಲ ನಾವು ಮಾಡಿದ ಟ್ಯಾಂಕಿನಿಂದ ಮೋಹ ಬೆಳೆಯಬಹುದಾಗಿತ್ತೆಂದು ಒಪ್ಪಿಕೊಳ್ಳುತ್ತೇವೆ. ಹೊಳೆಯುವ ಸರಪಳಿ, ಎತ್ತಿದ ತೋಪು, ಒಂದು ಕಣ ಧೂಳಿಲ್ಲ! ಅಂಥ ಟ್ಯಾಂಕಿನೊಳಗೆ ಮನುಷ್ಯರಿರುವುದಿಲ್ಲ. ಸರಪಳಿಯ ಕೆಲಸಕ್ಕೆ ಕುಳಿತ ಮೇಲೆ ನಮಗೆ ಒಳಗಿನ ಮನುಷ್ಯರು ನೆನಪಾದರು. ಸರಪಳಿ ಕಳಚಿದರೆ ಅವರು ಗುಂಡಿನ ಮಳೆಯಲ್ಲಿ ಕೆಳಗಿಳಿದು, ಕೆಸರಿನಲ್ಲಿ ಮಂಡಿಯೂರಿ, ಸುತ್ತಿಗೆ ಸಲಾಕೆಯಿಂದ ಅದನ್ನು ಮತ್ತೆ ಜೋಡಿಸಬೇಕು. ಜೋಡಿಸಲಾಗದಿದ್ದರೆ ಅಲ್ಲಿಯೇ ಉಳಿಯಬೇಕು. ಈ ಮಾತನ್ನು ನಾವು ಅಜ್ಜನವರ ಮನೆಗೆ ಹೋಗಿ ಕೇಳಿದೆವು. ಅವರು ತೋಪಿನ ಬಗ್ಗೆ ಒಂದು ಮಾತೂ ಆಡಲಿಲ್ಲ. "ಥಂಡಿಯೊಳಗ ಚೈನ್ ಏರಸೂದು ಅಂದ್ರ ಕೈ ಒಡದು ರಗತ ಬರತಿತ್ತು. ಮನೀ ನೆನಪಾಗತಿತ್ತು" ಎಂದು ಇಷ್ಟೇ ಅಂದು, ಬಹಳ ಹೊತ್ತು ಅಂಗೈ ನೋಡುತ್ತ ಕುಳಿತರು. ಅಜ್ಜಿಯವರು ಚಹ ತಂದು, "ನಲವತ್ತು ವರ್ಷದಾಗ ನನಗ ಇದನ್ನ ಹೇಳೇ ಇಲ್ಲ ನೋಡ್ರಿ" ಅಂದರು. ಆ ಸಂಜೆ ಮನೆಗೆ ಬರುವಾಗ ನಮ್ಮಲ್ಲಿ ಯಾರೂ ಮಾತಾಡಲಿಲ್ಲ.

ಯುದ್ಧದ ವಸ್ತುವನ್ನು ಮಕ್ಕಳಿಂದ ಬಚ್ಚಿಡುವುದಕ್ಕಿಂತ ಅದರ ಕೆಸರನ್ನೂ ಸವೆತವನ್ನೂ ದುಡಿಮೆಯನ್ನೂ ಬಚ್ಚಿಡದೆ ತೋರಿಸುವುದು ಮೇಲು ಎಂಬುದು ನಮ್ಮ ದೃಢವಾದ ಅಭಿಪ್ರಾಯ. ಅದಕ್ಕಾಗಿಯೇ ಎರಡನೆಯ ಸಲ ನಾವು ಮೈಮೇಲಿನ ಗುಂಡಿನ ಗುರುತುಗಳನ್ನು ಅಳಿಸಿಬಿಟ್ಟೆವು. ಅವುಗಳಿಗೆ ನಮ್ಮ ಹತ್ತಿರ ಕಾರಣವಿರಲಿಲ್ಲ, ಚೆಂದಕ್ಕಾಗಿ ಮಾಡಿದ್ದೆವು. ಇನ್ನೊಬ್ಬರ ಸಾವಿನ ಗುರುತನ್ನು ಚೆಂದಕ್ಕಾಗಿ ಮಾಡಬಾರದು.

ಈ ಡಿಸೆಂಬರದ ಪ್ರದರ್ಶನಕ್ಕೆ ಅಜ್ಜನವರು ಮತ್ತೆ ಬಂದರು. ಈ ಸಲ ಕನ್ನಡಕವನ್ನು ಒರೆಸಿ ಹಾಕಿಕೊಂಡು ನೋಡಿದರು. ಒಂದು ತಪ್ಪನ್ನೂ ಹುಡುಕಿದರು: ಎಡ ಸರಪಳಿಗೆ ಹತ್ತಿದಷ್ಟೇ ಮಣ್ಣು ಬಲ ಸರಪಳಿಗೂ ಹತ್ತಿದೆ, ಸಂದು ಸಂದಿಗೂ ಅಳತೆ ಮಾಡಿ ತುಂಬಿದಂತಿದೆ, ದಾರಿಯ ಕೆಸರು ಹೀಗೆ ಸಮ ಪಾಲು ಮಾಡುವುದಿಲ್ಲ. ಅವರು ಹೇಳಿದ್ದು ನಿಜ. ಇನ್ನೂ ಪೂರ್ತಿ ನೋಡಲು ಬಂದಿಲ್ಲ ನಮಗೆ. ಅದನ್ನು ತಿದ್ದುವ ಕೆಲಸ ಮುಂದಿನ ವರ್ಷದ ಒಂಬತ್ತ್ತನೆಯ ಇಯತ್ತೆಯವರಿಗೆ ಬಿಟ್ಟಿದ್ದೇವೆ, ಏಕೆಂದರೆ ನಮ್ಮಲ್ಲಿ ನಾಲ್ವರು ಮಾರ್ಚ್ ತಿಂಗಳಲ್ಲಿ ಪರೀಕ್ಷೆ ಬರೆದು ಈ ಶಾಲೆಯನ್ನು ಬಿಡುವವರು.

ಆದ್ದರಿಂದ ಮುಖ್ಯಾಧ್ಯಾಪಕರಲ್ಲಿಯೂ ಪಾಲಕರಲ್ಲಿಯೂ ನಮ್ಮ ಬೇಡಿಕೆ ಸಣ್ಣದು. ಹವ್ಯಾಸ ಮಂಡಳಿಯ ಶನಿವಾರದ ಮಧ್ಯಾಹ್ನವನ್ನು ತೆಗೆಯಬೇಡಿರಿ. ಟ್ಯಾಂಕೇ ಆಗಬೇಕೆಂಬ ಹಟ ನಮಗಿಲ್ಲ. ಚಕ್ಕಡಿಯಾಗಲಿ, ಕಬ್ಬಿನ ಗಾಣವಾಗಲಿ, ಸೋಲಾಪುರದ ಚಾದರ ನೇಯುವ ಮಗ್ಗವಾಗಲಿ ನಡೆದೀತು. ಆದರೆ ಯಾವುದನ್ನು ಮಾಡಿದರೂ ಅದು ಎಲ್ಲಿ ಸವೆಯುತ್ತದೆ, ಎಲ್ಲಿ ಮಣ್ಣು ಹಿಡಿಯುತ್ತದೆ, ಯಾರ ಕೈ ಅದಕ್ಕೆ ತಾಗುತ್ತದೆ ಎಂದು ಹೋಗಿ ನೋಡಿ ಬರಲು ಮಕ್ಕಳನ್ನು ಕಳಿಸಿರಿ. ಕಿರಿಯ ಮಿತ್ರರೇ, ನೀವು ಚಿತ್ರಕಲೆಯ ಕೋಣೆಗೆ ಬಂದಾಗ ಕಿಟಕಿಯ ಹತ್ತಿರದ ಗಾಜಿನ ಪೆಟ್ಟಿಗೆಯಲ್ಲಿ ನಮ್ಮ ಟ್ಯಾಂಕು ಇರುತ್ತದೆ. ಪಕ್ಕದಲ್ಲಿ ಸೋಸಿದ ಮಣ್ಣಿನ ಡಬ್ಬಿಯನ್ನೂ ಇಟ್ಟಿದ್ದೇವೆ. ಬಲಗಡೆಯ ಸರಪಳಿ ನಿಮ್ಮದು.